ನೀರಿನಡಿಯ ಜೊತೆಗಾರರು

ಪ್ರಶ್ನೆ: ಸಮುದ್ರಕ್ಕಿಳಿಯುವ ಡೈವರ್‌ಗಳು ಗುರುತಿಲ್ಲದವರ ಜೊತೆ ಅಷ್ಟು ಬೇಗ ಹೇಗೆ ಆಪ್ತರಾಗುತ್ತಾರೆ? ಅಲ್ಲಿ ಮಾತೂ ಇಲ್ಲವಲ್ಲ!

ಉತ್ತರ: ಮಾತಿಲ್ಲದ್ದೇ ಒಳ್ಳೆಯದು ಅನ್ನಿ, ನಾನು ವಾಚಾಳಿ. ಇಳಿಯುವ ಮುಂಚೆ ಒಬ್ಬರ ಸಿಲಿಂಡರ್, ಬಕಲ್‌ಗಳನ್ನು ಇನ್ನೊಬ್ಬರು ಮುಟ್ಟಿ ನೋಡುತ್ತೇವೆ. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜೊತೆ ಇನ್ನೊಂದು ಇರುತ್ತದೆ. ಅದು ಜೊತೆಗಾರರಿಗೆ, ಅವರ ಗಾಳಿ ಮುಗಿದರೆ.

ಒಮ್ಮೆ 18 ಮೀಟರ್ ಆಳದಲ್ಲಿ ನನ್ನ ಮಾಸ್ಕಿಗೆ ನೀರು ನುಗ್ಗಿತು. ಜಾಸ್ತಿ ಗಾಬರಿಯಾಯಿತು. ಬೆಳಿಗ್ಗೆಯಷ್ಟೇ ಪರಿಚಯವಾದ ಮಹಿಳೆ ನನ್ನ ತೋಳು ಹಿಡಿದುಕೊಂಡರು. ನಾನು ನೀರು ಹೊರಹಾಕಿದ ಮೇಲೆ ಹೆಬ್ಬೆರಳು ಎತ್ತಿದರು. ಅದು ‘ಭೇಷ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ! ಮೈಯೊಳಗೆ ಸೇರಿದ ನೈಟ್ರೋಜನ್ ಹೊರಹೋಗಲು 5 ಮೀಟರ್ ಆಳದಲ್ಲಿ 3 ನಿಮಿಷ ನಿಂತೆವು. ಅಷ್ಟೂ ಹೊತ್ತು ಅವರು ಕೈ ಬಿಡಲಿಲ್ಲ. ಅವರ ಹೆಸರು ಸರಿಯಾಗಿ ಕೇಳಿದ್ದು ದೋಣಿ ಹತ್ತಿದ ಮೇಲೆ.