ತೊಡದೇವು ಮಡಕೆ ಬಿಟ್ಟು ಏಳ್ತಿಲ್ಲ ಅಂದವ್ರಿಗೆ

ತೊಡದೇವು ಅಂದ್ರೆ ಬೋರಲು ಹಾಕಿದ ಬಿಸಿ ಮಡಕೆ ಮೇಲೆ ಅಕ್ಕಿ, ಕಬ್ಬಿನಹಾಲಿನ ಹಿಟ್ಟು ತೆಳ್ಳಗೆ ಎಳೆದು ಮಾಡೋ ಮಲೆನಾಡಿನ ಸಿಹಿ. ನಿಮ್ಮ ಹೊಸ ಮಡಕೆ ಇನ್ನೂ ಪಳಗಿಲ್ಲ, ಬಹುಶಃ ಅದೇ ಕಾರಣ. ಅಂಚು ಏಳ್ತದೆ, ನಡು ಮಾತ್ರ ಅಂಟ್ಕೊಂಡು ಹರೀತದೆ ಅಂದ್ರಲ್ಲ, ಅದಕ್ಕೇ ನಂಗೆ ಹಿಟ್ಟಿಗಿಂತ ಮಡಕೆ ಮೇಲೇ ಅನುಮಾನ.

ಮಡಕೆ ಬೋರಲು ಹಾಕಿ ಸಣ್ಣ ಉರೀಲಿ ಕಾಯ್ಸಿ, ಮೇಲೆ ಶೇಂಗಾ ಎಣ್ಣೆ ಸವರಿ, ಅದು ಹೀರ್ಕೊಂಡ್ಮೇಲೆ ಮತ್ತೆ ಸವರಿ, ಹಿಂಗೇ ಕಪ್ಪಗೆ ನುಣ್ಣಗೆ ಆಗೋವರ್ಗೂ ಮಾಡ್ತಾ ಇರಿ. ಸೋಪ್ ಹಾಕಿ ಮಾತ್ರ ತೊಳೀಬೇಡಿ.

ಆಮೇಲೆ ಕಬ್ಬಿನಹಾಲು. ಅಂಗಡಿಯಿಂದ ತಂದಿದ್ದು ಅಂದ್ರಿ, ಅದ್ರಲ್ಲಿ ಐಸು ಲಿಂಬೆ ಶುಂಠಿ ಇದ್ರೆ ಕೆಲ್ಸಕ್ಕೆ ಬರಲ್ಲ, ಏನೂ ಹಾಕ್ದೆ ಕೊಡಿ ಅಂತ ಕೇಳಿ ತಗೊಳ್ಳಿ. ಸಾಗರ, ಹೊಸನಗರ ಕಡೆ ಆಲೆಮನೆ (ಕಬ್ಬು ಅರೆದು ಬೆಲ್ಲ ಕಾಯ್ಸೋ ಜಾಗ) ಶುರುವಾದ್ಮೇಲೆ ಅಲ್ಲಿಂದ್ಲೇ ತಂದ್ರೆ ಆ ರುಚಿಗೆ ಸಾಟಿನೇ ಇಲ್ಲ, ಅಲ್ಲಿವರ್ಗೂ ಬೆಲ್ಲದ ನೀರಲ್ಲೂ ಆಗ್ತದೆ. ನೆನೆಸಿದ ಅಕ್ಕೀನ ಅದೇ ಹಾಲಲ್ಲಿ ತರಿ ಇಲ್ದಂಗೆ ರುಬ್ಬಿ, ಚಿಟಿಕೆ ಉಪ್ಪು ಹಾಕಿ, ನೀರುದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡ್ಕೊಳ್ಳಿ.

ಮಡಕೆಗೆ ನೀರು ಚಿಮುಕಿಸಿದ್ರೆ ಚುಂಯ್ ಅಂತ ಆರ್ಬೇಕು, ಆವಾಗ ಕೋಲಿಗೆ ಸುತ್ತಿದ ಬಟ್ಟೇನ ಹಿಟ್ಟಲ್ಲಿ ಅದ್ದಿ ಒಂದೇ ಸಲ ಎಳೀರಿ, ಎಳೆದ ಜಾಗಕ್ಕೆ ಮತ್ತೆ ಹೋಗ್ಬೇಡಿ, ಹರಿಯೋದು ಅಲ್ಲೇ. ಅಂಚು ತಾನಾಗೇ ಸುರುಳಿಕೊಂಡು ಮೇಲೆದ್ದಾಗ ನಿಧಾನಕ್ಕೆ ಬಿಡ್ಸಿ, ಬಿಸಿ ಇದ್ದಾಗ್ಲೇ ಮಡಚಿ, ಆರಿದ್ರೆ ಗರಿಗರಿಯಾಗಿ ಮುರೀತದೆ. ಮೊದಲ್ನೇ ನಾಕೈದು ಹರಿದ್ರೂ ಬಿಡ್ಬೇಡಿ, ಮಧ್ಯೆ ಮಧ್ಯೆ ಎಣ್ಣೆ ಬಟ್ಟೆ ಒರ್ಸ್ತಾ ಇರಿ. ಆಮೇಲೂ ಏಳ್ಲಿಲ್ಲ ಅಂದ್ರೆ ಸಿಹಿ ಜಾಸ್ತಿ ಆಗಿರ್ಬೋದು, ಒಂದಿಷ್ಟು ಅಕ್ಕಿ ರುಬ್ಬಿ ಸೇರ್ಸಿ ನೋಡಿ.