ಚಳಿಗಾಲದ ಬಿಸಿಲಿನ ಲೆಕ್ಕ

ನಿಮ್ಮ ಪತ್ರ ಎರಡು ಸಲ ಓದಿದೆ. ಅರಿಜೋನಾಕ್ಕೆ ಬಂದು ನಾಲ್ಕು ತಿಂಗಳಾಗಿದೆ, ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ, ಅಂದರೆ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡಿದ್ದೀರಿ. ಛಾವಣಿ ಮೇಲೆ 200 ವ್ಯಾಟ್ ಸೋಲಾರ್, ಕೆಳಗೆ 100 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಕರೆಂಟ್ ಇಲ್ಲದ ಬಯಲಿನಲ್ಲಿ ನಿಲ್ಲೋಕೆ ಇಷ್ಟು ಸಾಕಾ, ಲಿಥಿಯಂ ಬ್ಯಾಟರಿ ಬೇಕೇ ಬೇಕಾ, ಅಲ್ಲೆಲ್ಲ ಒಬ್ಬರೇ ಇರುವುದು ಸೇಫಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಜನವರಿಯಲ್ಲಿ ಅಪ್ಪ ಅಮ್ಮ ಬರ್ತಾರೆ, ಅವರನ್ನೂ ಕರ್ಕೊಂಡು ಹೋಗ್ತೀನಿ. ಮರುಭೂಮಿ ಅಲ್ವಾ, ಬಿಸಿಲಿಗೇನು ಬರ?"

ಆ ಸಾಲಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಫೀನಿಕ್ಸ್‌ಗೆ ಬಂದಿಳಿದದ್ದು 2004ರ ಆಗಸ್ಟ್‌ನಲ್ಲಿ. ಏರ್‌ಪೋರ್ಟ್ ಬಾಗಿಲು ಸರಿದದ್ದೇ ತಡ, ಒಲೆಯ ಮುಂದೆ ನಿಂತ ಹಾಗೆ ಮುಖಕ್ಕೆ ಕಾವು ಹೊಡೆಯಿತು. ಕಾರಿಗೆ ಕಾಯುತ್ತಾ ನಿಂತ ಹತ್ತು ನಿಮಿಷದಲ್ಲಿ ಸೂಟ್‌ಕೇಸಿನ ಕಬ್ಬಿಣದ ಹಿಡಿ ಮುಟ್ಟೋಕೆ ಆಗದಷ್ಟು ಕಾದಿತ್ತು. ಈ ದೇಶದ ಬಿಸಿಲು ಅಂದರೆ ಇದೇ ಅಂತ ಅವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು. ಏಳು ವರ್ಷ ಬಿಟ್ಟು ಟ್ರೇಲರ್ ಕೊಂಡಾಗಲೂ ಲೆಕ್ಕ ಹಾಕಿದ್ದು ಅದೇ ಬಿಸಿಲಿಗೆ.

ನಮ್ಮ ಕಡೆ ಸೂರ್ಯ ವರ್ಷವಿಡೀ ಹೆಚ್ಚೂಕಡಿಮೆ ನೆತ್ತಿಯ ಮೇಲೇ ಇರ್ತಾನೆ. ಡಿಸೆಂಬರ್ 21ರ ಮಧ್ಯಾಹ್ನವೂ ದಕ್ಷಿಣ ಕರ್ನಾಟಕದಲ್ಲಿ ಅವನು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣ ಅರಿಜೋನಾದಲ್ಲಿ ಅದೇ ದಿನ, ಅದೇ ಹೊತ್ತಿಗೆ 33ರಿಂದ 35 ಡಿಗ್ರಿ, ಅಷ್ಟೇ. ಆಕಾಶದಲ್ಲಿ ಒಂದು ಚೂರು ಮೋಡ ಇರುವುದಿಲ್ಲ, ಕಣ್ಣು ಕುಕ್ಕುವಷ್ಟು ಬೆಳಕಿರುತ್ತದೆ. ಆದರೆ ಛಾವಣಿಗೆ ಅಂಟಿಕೊಂಡು ಮಲಗಿದ ಪ್ಯಾನೆಲ್ ಮೇಲೆ ಆ ಬಿಸಿಲು ಓರೆಯಾಗಿ ಜಾರಿಹೋಗುತ್ತದೆ. ನಡು ಮಧ್ಯಾಹ್ನದಲ್ಲೂ ಪ್ಯಾನೆಲ್‌ಗೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಗಲು ಬೇರೆ ಹತ್ತೇ ಗಂಟೆ.

ಹಾಗಾಗಿ ನಿಮ್ಮ 200 ವ್ಯಾಟ್‌ನ ಕಥೆ ಹೀಗೆ. ಮಲಗಿಸಿಟ್ಟರೆ ಡಿಸೆಂಬರ್, ಜನವರಿಯಲ್ಲಿ ದಿನಕ್ಕೆ 35ರಿಂದ 40 ಆಂಪಿಯರ್-ಅವರ್ ಬಂದರೆ ಹೆಚ್ಚು. ಖರ್ಚು ನೋಡಿ. ರಾತ್ರಿ ಒಳಗೆ ಬಿಸಿಗಾಳಿ ಕೊಡುವ ಫರ್ನೇಸ್‌ನ ಫ್ಯಾನ್ ಓಡುವಾಗ 7 ಆಂಪ್ ಎಳೆಯುತ್ತದೆ, ಅರ್ಧ ಹೊತ್ತು ಓಡಿದರೂ ಬೆಳಗಾಗುವುದರೊಳಗೆ 30 ಆಂಪಿಯರ್-ಅವರ್. ನಿಮ್ಮ ಲ್ಯಾಪ್‌ಟಾಪ್ ಎಂಟು ಗಂಟೆ ಇನ್ವರ್ಟರ್ ಮೇಲೆ ನಡೆದರೆ 45. ಇಂಟರ್‌ನೆಟ್ ರೂಟರ್, ಲೈಟು, ನೀರಿನ ಪಂಪ್ ಎಲ್ಲ ಸೇರಿ ಇನ್ನೊಂದು 20. ಏನೂ ಹಾಕದೆ ಸುಮ್ನೆ ಇದ್ದರೂ ಗ್ಯಾಸ್ ಡಿಟೆಕ್ಟರ್, ಫ್ರಿಜ್ ಬೋರ್ಡ್ ಅಂತ 12 ಹೋಗುತ್ತದೆ. ಕೂಡಿಸಿದರೆ 107. ಬರುವುದು 40, ಹೋಗುವುದು 107. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ನಿಮ್ಮ 200ರಲ್ಲಿ ಬಳಸಬಹುದಾದದ್ದು 100 ಮಾತ್ರ. ಮೊದಲ ರಾತ್ರಿ ಏನೂ ಗೊತ್ತಾಗುವುದಿಲ್ಲ. ಎರಡನೆಯ ರಾತ್ರಿಯೂ ಹೇಗೋ ಕಳೆಯುತ್ತದೆ. ಸಿಕ್ಕಿಬೀಳುವುದು ಮೂರನೆಯ ರಾತ್ರಿ.

ನನಗೆ ಆ ಮೂರನೆಯ ರಾತ್ರಿ ಬಂದದ್ದು 2013ರ ಜನವರಿಯಲ್ಲಿ. ಅಪ್ಪ ಬಂದಿದ್ದರು. ಟೂಸಾನ್‌ನ ಆಚೆ, ಸೊನೊಯ್ಟ ಕಡೆಯ ಎತ್ತರದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿದ್ದೆ. ಸುತ್ತ ಒಂದು ಮನೆಯಿಲ್ಲ, ಒಂದು ತಂತಿ ಇಲ್ಲ. ಸೂರ್ಯನಿಂದಲೇ ಮನೆ ನಡೆಸ್ತೀನಿ ಅಂತ ಅವರಿಗೆ ತೋರಿಸಬೇಕು ಅನ್ನುವ ಆಸೆ ನನಗೆ ತುಂಬಾ ಇತ್ತು. ಅವರು ದಿನಾ ಬೆಳಗ್ಗೆ ಏಣಿ ಹತ್ತಿ, ಹೆಗಲ ಮೇಲಿನ ಟವೆಲ್‌ನಿಂದ ಪ್ಯಾನೆಲ್‌ನ ಧೂಳು ಒರೆಸುತ್ತಿದ್ದರು. ಸಂಜೆ ನಾಲ್ಕಕ್ಕೆ ಗೋಡೆಯ ಮೀಟರ್‌ನಲ್ಲಿ ನಾಲ್ಕೂ ಲೈಟ್ ಹಸಿರು. "ಬ್ಯಾಟರಿ ಫುಲ್ ಅಪ್ಪ" ಅಂದೆ.

ಫುಲ್ ಆಗಿರಲಿಲ್ಲ. ಬಿಸಿಲಿದ್ದಾಗ, ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ಮೇಲಿರುತ್ತದೆ, ಆ ಲೈಟ್‌ಗಳು ತೋರಿಸುವುದು ಅದನ್ನೇ. ಒಳಗೆ ಎಷ್ಟು ತುಂಬಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಲೆಡ್ ಆಸಿಡ್‌ನಲ್ಲಿ ಕೊನೆಯ ಶೇಕಡ 20 ತುಂಬೋದು ಬಹಳ ನಿಧಾನ, ಗಂಟೆಗಟ್ಟಲೆ ಬೇಕು. ಚಳಿಗಾಲದ ಹಗಲು ಅಷ್ಟು ಹೊತ್ತು ಕೊಡುವುದಿಲ್ಲ.

ರಾತ್ರಿ ಮೂರರ ಸುಮಾರಿಗೆ ಎಚ್ಚರವಾಯಿತು. ಫರ್ನೇಸ್ ಉರಿಯುವುದು ಪ್ರೊಪೇನ್‌ನಿಂದ, ಸಿಲಿಂಡರ್ ತುಂಬಿತ್ತು. ಆದರೆ ಫ್ಯಾನ್ ಸರಿಯಾದ ವೇಗಕ್ಕೆ ತಿರುಗದಿದ್ದರೆ ಒಳಗಿನ ಗಾಳಿ ಸ್ವಿಚ್ ಬೆಂಕಿ ಹೊತ್ತೋಕೆ ಬಿಡುವುದಿಲ್ಲ. ಫ್ಯಾನ್ ನರಳುತ್ತಿತ್ತು. ಒಂದು ಕ್ಲಿಕ್, ಮತ್ತೆ ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕ್ಲಿಕ್. ಟಾರ್ಚ್ ಹಾಕಿದೆ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಊಟದ ಟೇಬಲ್ ಹತ್ತಿರ ಕೂತಿದ್ದರು. ಅವರ ಕಂಬಳಿ ನನ್ನ ಮಗಳ ಮೇಲಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದರೋ. "ನಿದ್ದೆ ಬರಲಿಲ್ಲ, ಅಷ್ಟೇ" ಅಂದರು. ಯಾಕೆ ಎಬ್ಬಿಸಲಿಲ್ಲ ಅಂತ ನಾನು ಕೇಳಲಿಲ್ಲ. ಎಬ್ಬಿಸುವವರಲ್ಲ ಅವರು. ನಿಮ್ಮ ಅಪ್ಪನೂ ಎಬ್ಬಿಸುವುದಿಲ್ಲ, ನಿಮಗೇ ಗೊತ್ತು.

ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿತ್ತು. ಅವರು ಮತ್ತೆ ಏಣಿ ಹತ್ತಿ ಪ್ಯಾನೆಲ್ ಒರೆಸಿದರು. ಆಮೇಲೆ ಅವರು ಈ ದೇಶಕ್ಕೆ ಬರಲಿಲ್ಲ. ಬರುವಷ್ಟು ಆರೋಗ್ಯ ಉಳಿಯಲಿಲ್ಲ.

ಆ ಬ್ಯಾಟರಿಗಳೂ ಅದೇ ವರ್ಷ ಹೋದವು. ದಿನಾ ಅರೆಹೊಟ್ಟೆಯಲ್ಲಿಟ್ಟರೆ ಸೀಸದ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿ ಕೂತು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಊರಲ್ಲಿ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸ ಇರುವ ನಿಮಗೆ ಇದು ಹೊಸದೇನಲ್ಲ. ಆದರೆ ಅಲ್ಲಿ ಕರೆಂಟ್ ಬಂದ ಕೂಡಲೇ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ಇಲ್ಲಿ ಬಯಲಿನಲ್ಲಿ ಕರೆಂಟ್ ಬರುವುದೇ ಇಲ್ಲ.

ಈಗ ಮಾಡಬೇಕಾದದ್ದು. ಮೊದಲು ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಭಾಗ) ಇರುವ ಬ್ಯಾಟರಿ ಮಾನಿಟರ್ ಹಾಕಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅದು ಎಣಿಸುತ್ತದೆ. ಹೊಸ ಪ್ಯಾನೆಲ್‌ಗಿಂತ ಮೊದಲು ಇದು. ಅಲ್ಲಿಯವರೆಗೆ, ಬಿಸಿಲು ಹೋಗಿ, ಎಲ್ಲ ಆಫ್ ಮಾಡಿ, ಒಂದೆರಡು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 12.7 ಇದ್ದರೆ ತುಂಬಿದೆ. 12.1 ಅಂದರೆ ಅರ್ಧ ಖಾಲಿ.

ಆಮೇಲೆ ಪ್ಯಾನೆಲ್ 400 ವ್ಯಾಟ್ ಮಾಡಿಕೊಳ್ಳಿ, ಅದನ್ನು ಎತ್ತಿ ನಿಲ್ಲಿಸಿ. ದಕ್ಷಿಣಕ್ಕೆ ಮುಖ, ಸುಮಾರು 50 ಡಿಗ್ರಿ ಓರೆ. ಹೀಗೆ ನಿಲ್ಲಿಸಿದ 400 ವ್ಯಾಟ್ ಮೋಡವಿಲ್ಲದ ದಿನ ನಿಮ್ಮ 107ನ್ನು ತುಂಬಿಕೊಡುತ್ತದೆ. ಗಾಳಿ ಎದ್ದರೆ ಮಾತ್ರ ಕೂಡಲೇ ಮಲಗಿಸಿ, ಇಲ್ಲದಿದ್ದರೆ ಕಿತ್ತುಕೊಂಡು ಹೋಗುತ್ತದೆ. ಛಾವಣಿಯ ಏಸಿ ಡಬ್ಬದ ನೆರಳು ಬೀಳದ ಜಾಗ ನೋಡಿ. ಅಂಗೈ ಅಗಲದ ನೆರಳಿಗೂ ಪ್ಯಾನೆಲ್ ಕೊಡುವುದು ಅರ್ಧಕ್ಕೆ ಇಳಿಯಬಹುದು. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವಿನ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಇರಲಿ, ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಎಳೆದುಕೊಡುವ ಬಗೆ ಅದು. ತಂತಿ ದಪ್ಪ ಇರಲಿ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಇರಲಿ.

ಲಿಥಿಯಂ ಒಳ್ಳೆಯದೇ, ನಾನೂ ಅದಕ್ಕೇ ಬದಲಾಯಿಸಿದೆ. ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಅದನ್ನು ಚಾರ್ಜ್ ಮಾಡಬಾರದು, ಅಷ್ಟು ನೆನಪಿರಲಿ. ಟ್ರೇಲರ್ ಒಳಗೇ ಇಡಿ. ಈಗ ನನ್ನ ಹತ್ತಿರ 600 ವ್ಯಾಟ್ ಪ್ಯಾನೆಲ್, 300 ಆಂಪಿಯರ್-ಅವರ್ ಬ್ಯಾಟರಿ ಇದೆ. ಹೋದ ಚಳಿಗಾಲ ಹದಿನಾಲ್ಕು ದಿನ ಒಮ್ಮೆಯೂ ಜನರೇಟರ್ ಹಾಕಲಿಲ್ಲ. ಅಪ್ಪ ನೋಡಬೇಕಿತ್ತು.

ಸೇಫಾ ಅಂದಿರಿ. ಸೇಫೇ. ಬಿಎಲ್‌ಎಂ (ಇಲ್ಲಿನ ಕೇಂದ್ರ ಸರ್ಕಾರದ ಭೂ ಇಲಾಖೆ) ಜಾಗದಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಬಿಡಾರ ಹೂಡಬಹುದು, ಆಮೇಲೆ ಜಾಗ ಬದಲಿಸಬೇಕು. ಜಾಸ್ತಿ ದಿನ ಇರೋದಾದರೆ ಕ್ವಾರ್ಟ್ಸೈಟ್ ಹತ್ತಿರ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಮೇಲೆ ಉಳಿಯುವ ಜಾಗಗಳಿವೆ. ಅಪ್ಪ ಅಮ್ಮನನ್ನು ಮೊದಲ ಸಲ ಅಲ್ಲಿಗೇ ಕರೆದೊಯ್ಯಿರಿ. ತಗ್ಗಿನ ಜಾಗ, ಚಳಿ ಕಡಿಮೆ.

ಚಳಿ ಅಂತ ಗ್ಯಾಸ್ ಒಲೆ ಹೊತ್ತಿಸಿಟ್ಟು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಬ್ಯಾಟರಿ ಉಳಿಸೋಕೆ ಅಂತ ಡಿಟೆಕ್ಟರ್ ತಂತಿ ಕಿತ್ತಿಡುವವರನ್ನು ನೋಡಿದ್ದೇನೆ, ಆ ಕೆಲಸ ಯಾವತ್ತೂ ಬೇಡ.

ಅಪ್ಪ ಅಮ್ಮ ಬರುವ ಮೊದಲು, ಡಿಸೆಂಬರ್‌ನಲ್ಲಿ ನೀವೊಬ್ಬರೇ ಹೋಗಿ ಮೂರು ರಾತ್ರಿ ಇದ್ದು ಬನ್ನಿ. ಫರ್ನೇಸ್ ಹಾಕಿ, ಲ್ಯಾಪ್‌ಟಾಪ್ ನಡೆಸಿ, ಏನನ್ನೂ ಉಳಿಸೋಕೆ ಹೋಗಬೇಡಿ. ನಾಲ್ಕನೆಯ ದಿನ ಬೆಳಗ್ಗೆ ಬಿಸಿಲು ಬೀಳುವ ಮುಂಚೆ ಮಾನಿಟರ್ ನೋಡಿ, ಅಲ್ಲಿರುವ ಅಂಕಿಯನ್ನು ನನಗೆ ಬರೆದು ಕಳಿಸಿ.