ಹೊಗೆ ಹೊಡೆದರೂ ಡೆಂಗ್ಯೂ ಯಾಕೆ ನಿಲ್ಲಲ್ಲ?

"ವಾರ ವಾರ ಹೊಗೆ ಹೊಡೆದರೂ ನಮ್ಮ ಬೀದಿಯಲ್ಲಿ ಡೆಂಗ್ಯೂ ನಿಲ್ಲುತ್ತಿಲ್ಲ, ಇಷ್ಟೆಲ್ಲ ಸಂಶೋಧನೆ ಮಾಡಿ ಏನು ಬಂತು?" ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಮೈಸೂರಲ್ಲಿ ಡೆಂಗ್ಯೂ ಬಂದು ಹತ್ತು ದಿನ ಮಲಗಿದ್ದವನು, ಆ ಸಿಟ್ಟಿಗೆ ಇದನ್ನೆಲ್ಲ ಓದಿದವನು.

ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮನೆಯೊಳಗೆ, ಮಂಚದಡಿ, ನೇತುಹಾಕಿದ ಬಟ್ಟೆಯ ಹಿಂದೆ ಕೂತಿರುತ್ತದೆ. ಹೊಗೆ ಗಾಡಿ ಬಂದ ತಕ್ಷಣ ನಾವು ಮಾಡುವ ಮೊದಲ ಕೆಲಸ ಕಿಟಕಿ ಮುಚ್ಚುವುದು, ಅಲ್ವಾ?

ನಮ್ಮ ಮನೆಗೆ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆ ಮರಿ, ನೋಡಲು ಬಂದ ಆಶಾ ಕಾರ್ಯಕರ್ತೆ ಸಂಪು, ಡ್ರಮ್ ಎಲ್ಲ ಇಣುಕಿ "ಪರವಾಗಿಲ್ಲ" ಅಂದರು. ನಾನು ಬೀಗಿದೆ. ಹೊರಡುವಾಗ ಹಿತ್ತಲಿನ ಹಳೇ ಒರಳುಕಲ್ಲಿಗೆ ಟಾರ್ಚ್ ಬಿಟ್ಟರು. ಗುಳಿಯಲ್ಲಿ ಒಂದು ಲೋಟದಷ್ಟು ಮಳೆನೀರು. ಬೆಳಕು ಬಿದ್ದದ್ದೇ ತಡ, ದಾರದ ಚೂರಿನಂಥವು ಬಳುಕುತ್ತಾ ತಳಕ್ಕಿಳಿದವು. "ಸುಮ್ನೆ ಮೊಗೆದು ಚೆಲ್ಲಿದರೆ ಆಗಲ್ಲ ಅಣ್ಣ, ಉಜ್ಜಿ ತೊಳೀರಿ" ಅಂದರು. ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದಂತೆ. ಮತ್ತೆ ನೀರು ಸೋಕಿದರೆ ಮರಿ ರೆಡಿ.

ಮಂಡ್ಯದ ಗದ್ದೆ ಬಯಲಿನ ಕಥೆ ಬೇರೆ. ಅಲ್ಲಿ ಮೆದುಳು ಜ್ವರ ತರುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುವುದೇ ಭತ್ತದ ಗದ್ದೆಯ ನೀರಿನಲ್ಲಿ. ವೈರಸ್ ಅದಕ್ಕೆ ಸಿಗುವುದು ಹಂದಿ, ಬೆಳ್ಳಕ್ಕಿಗಳಿಂದ. ಅದಕ್ಕೆ ಡ್ರಮ್ ಉಜ್ಜಿ ಏನು ಮಾಡೋಣ? ಮಕ್ಕಳಿಗೆ ಲಸಿಕೆ ಹಾಕಿಸಬೇಕು, ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟಬೇಕು. ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಬ್ರಿಟಿಷರು 1809ರಲ್ಲಿ ದಂಡನ್ನೇ ಬೆಂಗಳೂರಿಗೆ ಸಾಗಿಸಿದರು. ಜ್ವರಕ್ಕೂ ಸೊಳ್ಳೆಗೂ ನಂಟಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಯಾವ ಸೊಳ್ಳೆ, ಯಾವ ನೀರು ಅಂತಲೂ ಗೊತ್ತು. ಸಂಶೋಧನೆಯಿಂದ ಬಂದದ್ದು ಇದು.

ಹೊಸದೂ ಇದೆ. ಇಂಡೋನೇಷ್ಯಾದ ಯೋಗ್ಯಕರ್ತ ನಗರವನ್ನು 24 ಭಾಗ ಮಾಡಿ, 12ರಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಈಡಿಸ್ ಸೊಳ್ಳೆಗಳನ್ನು ಬಿಟ್ಟರು. ಅದು ಸೊಳ್ಳೆಯೊಳಗೆ ಡೆಂಗ್ಯೂ ವೈರಸ್ ಬೆಳೆಯಲು ಬಿಡುವುದಿಲ್ಲ. ತಾಯಿಯಿಂದ ಮೊಟ್ಟೆಗೂ ದಾಟುತ್ತದೆ. 2021ರಲ್ಲಿ ಫಲಿತಾಂಶ ಬಂತು: ಬಿಟ್ಟ ಕಡೆ ಡೆಂಗ್ಯೂ ಶೇ. 77ರಷ್ಟು ಕಡಿಮೆ! ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರದಲ್ಲೂ ಇಂಥ ಸೊಳ್ಳೆ ತಳಿ ಬೆಳೆಸಿದ್ದಾರೆ.

ಅದು ನಮ್ಮ ಬೀದಿಗೆ ಬರುವ ತನಕ ನಿಮ್ಮ ವಾರ್ಡಿನವರ ಹತ್ತಿರ ಹೊಗೆಗಿಂತ ಜಾಸ್ತಿ ಲಾರ್ವಾ ಸಮೀಕ್ಷೆ ಕೇಳಿ. ಫ್ರಿಜ್ಜಿನ ಹಿಂದಿನ ಟ್ರೇ ಕೂಡ ಒಮ್ಮೆ ಎಳೆದು ನೋಡಿ.